ರಬ್ಬರ್ ಉಂಗುರ

ಡೆನ್ಜಿಲ್ ಪಿಂಟೊನ ಕೊರಳೆಲುಬಿನ ಚಿತ್ರ ತೆಗೆದವಳು ನಾನೇ,
ಜಿಲ್ಲಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ, ಮಾರ್ಚ್ ತಿಂಗಳು.
"ಉಸಿರು ಹಿಡೀರಿ" ಅಂದೆ. ಹಿಡಿದ.
"ಬಿಡಿ" ಅಂದಮೇಲೂ ಹಿಡಿದೇ ಇದ್ದ.

ಈಗ ಡಿಸೆಂಬರ್. ಸೈಕಲ್ಲು ಮಾರಾಟಕ್ಕಿದೆ.
ಚಿಕ್ಕಮಗಳೂರಿನ ಜ್ಯೋತಿನಗರದ ಶೆಡ್ಡಿನಲ್ಲಿ ಗೋಣಿ ಹೊದ್ದು ನಿಂತಿದೆ
ಮುಂದೆ ನೂರ ಎಪ್ಪತ್ತು, ಹಿಂದೆ ನೂರ ಅರವತ್ತು ಮಿಲಿಮೀಟರ್
ಕುಗ್ಗಿ ಏಳುವ ಪ್ರಾಣಿ.
"ಹೆಚ್ಚು ಓಡಿಸಿಲ್ಲ" ಅಂತಾನೆ. ಮರುಗಳಿಗೆಗೆ,
"ಕೊನೇ ಮಿಲಿಮೀಟರೂ ಬಿಡದೆ ಓಡಿಸಿದೀನಿ" ಅಂತಾನೆ.
ಎರಡರಲ್ಲೊಂದು ಸುಳ್ಳಿರಬೇಕು.

ನಾನು ಮೂಳೆ ನೋಡುವವಳು, ಮಾತಿಗಲ್ಲ ಸಂಬಳ ನನಗೆ.
ಟಾರ್ಚ್ ಹಿಡಿದು ಬೆಸುಗೆ ಬೆಸುಗೆಯೂ ನೋಡಿದೆ.
ಬಿರುಕಿಲ್ಲ.
ಹಿಂದಿನ ಚಕ್ರ ಎತ್ತಿ ಅಲುಗಿಸಿದರೆ ಕೀಲಿನೊಳಗೆ
ಬೆರಳಿಗೆ ಮಾತ್ರ ಕೇಳುವಷ್ಟು ಸಣ್ಣ 'ಟಕ್'.
ಬೇರಿಂಗ್ ಹೋಗಿದೆ. ಬಾಯಿ ಬಿಡಲಿಲ್ಲ.
ಹಿಂದಿನ ಬ್ರೇಕಿನ ಪ್ಯಾಡು ಸವೆದು ಹಪ್ಪಳ,
ಮುಂದಿನದು ಅಂಗಡಿಯಿಂದ ಬಂದ ಹಾಗೇ.

ಆಮೇಲೆ ಉಂಗುರ.
ಫೋರ್ಕಿನ ಹೊಳೆವ ಕಾಲಿಗೆ ತೊಡಿಸಿದ ಕಪ್ಪು ರಬ್ಬರು.
ಕುಗ್ಗುವಾಗ ಅದನ್ನು ಮೇಲಕ್ಕೆ ನೂಕಿಕೊಂಡು ಹೋಗುತ್ತದೆ,
ಮರಳುವಾಗ ಅಲ್ಲೇ ಬಿಟ್ಟು ಬರುತ್ತದೆ.
ಒಂಬತ್ತು ತಿಂಗಳ ಧೂಳಿನಲ್ಲಿ ಅಂಟಿ ಕೂತಿತ್ತು,
ಅದರ ಮೇಲೆ ಇನ್ನೂ ನಾಲ್ಕು ಬೆರಳು ಜಾಗ,
ಒಂದು ಗೀರೂ ಇಲ್ಲದ್ದು, ಕನ್ನಡಿಯಂಥದ್ದು.

ಭಾನುವಾರ ಜಬ್ಬಾರ್ ಮಾಮನ ಪಿಕಪ್ಪು,
ಕೈಮರದ ಗೇಟು ದಾಟಿ ಅತ್ತಿಗುಂಡಿಯತ್ತ.
ರೈಟರ್ ಒಪ್ಪಿಗೆ ಕೊಟ್ಟ ಒಳದಾರಿ,
ರಸ್ತೆಯ ಏಳು ತಿರುವನ್ನು ಒಂದೇ ಉಸಿರಿಗೆ ಕೊಯ್ಯುವಂಥದ್ದು.
ಅವನ ಎಂಬತ್ತಾರು ಕೇಜಿಗೆ ತುಂಬಿದ ಗಾಳಿ ಇನ್ನೂ ಒಳಗಿತ್ತು.
ನಾನು ಐವತ್ತೊಂದು.
ವಾಲ್ವ್ ಒತ್ತಿದೆ. ಉಸ್ಸ್ ಅಂತ
ಬಹಳ ಹೊತ್ತು ಬಿಟ್ಟಿತು.
ಉಂಗುರವನ್ನು ಹೆಬ್ಬೆರಳಲ್ಲಿ ಕೆಳಕ್ಕೆ ತಂದೆ.

ಸಮತಟ್ಟಿನಲ್ಲಿ ದಡ್ಡ ಸೈಕಲ್ಲು, ನಿಜ ಹೇಳಬೇಕು.
ಹದಿನಾರು ಕೇಜಿ, ಏರಿನಲ್ಲಿ ಮುಂಗಾಲಿ
ಹಾಲು ಬಿಡಿಸಿದ ಕರುವಿನಂತೆ ಎಲ್ಲೆಲ್ಲೋ ನೋಡುತ್ತದೆ.
ಇಳಿಜಾರು ಕಂಡೊಡನೆ ಬೇರೆಯೇ ಜಾತಿ.
ಸಿಲ್ವರ್ ಓಕಿನ ಒಣ ಎಲೆ, ಅದರಡಿ ಉರುಳುಗಲ್ಲು,
ಎದೆಯೆತ್ತರದ ಬೇರಿನ ಮೆಟ್ಟಿಲು.
ಅಲ್ಲಿ ನಾನೂ ಹಿಂದಕ್ಕೆ ಜಗ್ಗಿದೆ. ಹಿಂದಿನ ಬ್ರೇಕೇ ಹಿಡಿದೆ.
ಮುಂದಿನ ಚಕ್ರ ಭಾರವಿಲ್ಲದೆ ಅತ್ತಿತ್ತ ಜಾರಿತು.
ಬಿದ್ದೆ.
ಹಪ್ಪಳವಾದ ಪ್ಯಾಡಿನ ಕಥೆ
ಕಾಫಿ ಗಿಡದ ಬುಡದಲ್ಲಿ ಮಲಗಿಕೊಂಡು ಓದಿದೆ.

ಹಣ್ಣು ಬಿಡಿಸುತ್ತಿದ್ದ ಪಳನಿಯಮ್ಮ ಬುಟ್ಟಿ ಇಳಿಸಿ ಕೇಳಿದಳು:
"ಇದಕ್ಕೆಷ್ಟು ಕೊಟ್ಟೆ?"
"ಇನ್ನೂ ಕೊಟ್ಟಿಲ್ಲ. ಒಂದು ಲಕ್ಷ ನಲವತ್ತು ಕೇಳ್ತಾರೆ."
"ಇಳಿಯೋದಕ್ಕಾ? ನಾವು ದಿನಾ ಮೂಟೆ ಹೊತ್ತು
ಬಿಟ್ಟಿಯಾಗೇ ಇಳೀತೀವಲ್ಲ!"
ಆಮೇಲೆ, ಯೋಚಿಸಿ,
"ಮೂಟೆ ಬೆನ್ನಿಗಿದ್ರೂ ಎದೆ ಮುಂದಕ್ಕಿರಬೇಕು ಕಣಮ್ಮ,
ಹಿಂದೆ ವಾಲಿದ್ಯೋ, ಮೂಟೆ ನಿನ್ನ ಹೊತ್ಕೊಂಡು ಹೋಗುತ್ತೆ."

ಮತ್ತೆ ಮೇಲೆ ತಳ್ಳಿಕೊಂಡು ಹೋದೆ.
ಸೀಟು ತಗ್ಗಿಸಿ, ಗಲ್ಲ ಹ್ಯಾಂಡಲ್ಲಿನ ಮೇಲೆ ತಂದು,
ಮುಂದಿನ ಬ್ರೇಕಿಗೆ ಒಂದೇ ಬೆರಳು.
ಮೆಟ್ಟಿಲು ಬಂತು. ಸೈಕಲ್ಲು ಮಂಡಿಯೂರಿತು, ಎದ್ದಿತು.
ನಡುವೆ ಏನಾಯಿತೆಂದು ಬರೆಯಲು ನನ್ನಲ್ಲಿ ಮಾತಿಲ್ಲ;
ಪಳನಿಯಮ್ಮ ಶಿಳ್ಳೆ ಹಾಕಿದ್ದು ಮಾತ್ರ ಕೇಳಿಸಿತು.

ಕೆಳಗೆ ಬಂದು ನೋಡಿದೆ:
ಉಂಗುರದ ಮೇಲೆ ಎರಡು ಬೆರಳು ಬಾಕಿ.
ಅದನ್ನು ಅಲ್ಲೇ ಇರಗೊಟ್ಟು
ಸಂಜೆ ಜ್ಯೋತಿನಗರಕ್ಕೆ ಹಿಂದಿರುಗಿಸಿದೆ.

"ಹೇಗಿತ್ತು?" ಅಂದ ಡೆನ್ಜಿಲ್.
ನನ್ನ ಕೆರೆದ ಮೊಣಕೈ ನೋಡಲಿಲ್ಲ, ಮುಖವನ್ನೂ.
ಬಗ್ಗಿ ಫೋರ್ಕಿನ ಮೇಲೆ ಬೆರಳಿಟ್ಟ,
ಎಡಗೈಯದು, ಬಲಭುಜ ಇನ್ನೂ ಪೂರ್ತಿ ಏಳದು.
ಒಂದು. ಎರಡು.
ಮೂರನೆಯದಕ್ಕೆ ಜಾಗವಿರಲಿಲ್ಲ.
ಎದ್ದು, ಉಸಿರು ಬಿಟ್ಟು,
ನಾನು ಕೇಳುವ ಮೊದಲೇ ಹತ್ತು ಸಾವಿರ ಇಳಿಸಿದ.

ಬೇರಿಂಗಿನ ವಿಷಯ ನಾನಿನ್ನೂ ತೆಗೆದೇ ಇರಲಿಲ್ಲ.